ಉದಾಸ, ಉದಾಸೀನ, ಉರಿಯೂತ

ಪುಣೆಯಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಎರಡು ಭಾಷೆಗಳ ನಡುವೆ ಸಿಕ್ಕಿ ಅರ್ಥ ಕೆಡುವ ಪದವೊಂದಿದೆ. ಮರಾಠಿಯಲ್ಲಿ ‘ಉದಾಸ್’ ಎಂದರೆ ಮಂಕು, ದುಃಖ, ಏನೂ ಬೇಡವೆನಿಸುವ ಸ್ಥಿತಿ. ಕನ್ನಡದ ‘ಉದಾಸೀನ’ ಎಂದರೆ ಅಲಕ್ಷ್ಯ; ಕರಾವಳಿಯಲ್ಲಂತೂ ನೇರವಾಗಿ ಸೋಮಾರಿತನ. ಸಂಸ್ಕೃತದ ಬೇರು ಒಂದೇ: ದೂರ ಸರಿದು ಸುಮ್ಮನೆ ಕೂರುವುದು. ಮರಾಠಿ ಶಾಲೆಯಲ್ಲಿ ಓದಿದ ಮೊಮ್ಮಗಳು “ಯಾಕೋ ಉದಾಸ್ ಅನ್ನಿಸ್ತಿದೆ ಅಜ್ಜಿ” ಎಂದರೆ, ಉಡುಪಿಯಿಂದ ಬಂದ ಅಜ್ಜಿಯ ಕಿವಿಗೆ ಅದು “ಕೆಲಸ ಮಾಡಲು ಮೈಗಳ್ಳತನ” ಎಂದೇ ಬೀಳಬಹುದು.

ಇಂಥದೇ ಇನ್ನೊಂದು ಪದ ‘ದಾಹ’. ಕನ್ನಡದಲ್ಲಿ ದಾಹಕ್ಕೆ ನೀರು ಕೊಟ್ಟರೆ ಸಾಕು. ಮರಾಠಿಯ ವೈದ್ಯಕೀಯ ಬರಹಗಳಲ್ಲಿ ದಾಹವೆಂದರೆ ದೇಹದೊಳಗಿನ ಉರಿ. ಅದಕ್ಕೆ ಕನ್ನಡ ಕಟ್ಟಿಕೊಂಡ ಪದ ‘ಉರಿಯೂತ’. ಉರಿ ಮತ್ತು ಊತ ಸೇರಿ ಆದದ್ದು. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಾಲ್ಕರಲ್ಲಿ ಎರಡನ್ನು ಕನ್ನಡ ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಮನಸ್ಸಿನ ಮಂಕು ಮಾತ್ರ ಸೆಲ್ಸಸ್‌ನ ಪಟ್ಟಿಯಲ್ಲಿರಲಿಲ್ಲ.

ಅದು ಪಟ್ಟಿಗೆ ಸೇರಬೇಕೇ ಎಂಬುದು ಕಳೆದ ಮೂವತ್ತು ನಲವತ್ತು ವರ್ಷಗಳ ಪ್ರಶ್ನೆ. ಮಂಡಿನೋವಿಗೆ ನುಂಗುವ ಗುಳಿಗೆ ಖಿನ್ನತೆಯನ್ನೂ ತಗ್ಗಿಸಬಲ್ಲದೇ? ಈ ಪ್ರಶ್ನೆಯ ಇತಿಹಾಸ ವಿಯೆನ್ನಾ, ನ್ಯೂಯಾರ್ಕ್, ಅಟ್ಲಾಂಟಾಗಳಲ್ಲಿ ಸುತ್ತುತ್ತದೆ. ಅದನ್ನು ಪುಣೆಯಲ್ಲಿ ನಿಂತು ಓದಿದರೆ ಬೇರೆಯದೇ ಆದ ಕೆಲವು ಸಂಗತಿಗಳು ಎದ್ದು ಕಾಣುತ್ತವೆ.

ಜ್ವರ ಬರಿಸಿ ವಾಸಿ ಮಾಡಿದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ಬಗೆಯ ರೋಗಿಗಳು ತುಂಬಿದ್ದರು. ಮೊದಲು ನಡತೆ ಕೆಡುತ್ತಿತ್ತು, ಆಮೇಲೆ ಮಾತು ತೊದಲುತ್ತಿತ್ತು, ಕೊನೆಗೆ ಕೈಕಾಲು ಬಿದ್ದುಹೋಗುತ್ತಿತ್ತು. ಮತ್ತೆ ಮನೆಗೆ ಮರಳಿದವರು ಅಪರೂಪ. 1917ರಲ್ಲಿ ವಿಯೆನ್ನಾದ ವೈದ್ಯ ಯೂಲಿಯುಸ್ ವಾಗ್ನರ್-ಯೌರೆಗ್, ಮಲೇರಿಯಾ ಬಂದಿದ್ದ ಸೈನಿಕನೊಬ್ಬನ ರಕ್ತವನ್ನು ಇಂಥ ರೋಗಿಗಳಿಗೆ ಚುಚ್ಚಿದರು. ಜ್ವರ ಏರಿ ಇಳಿಯಿತು, ಆಮೇಲೆ ಕ್ವಿನೈನ್ ಕೊಟ್ಟು ಮಲೇರಿಯಾವನ್ನು ನಿಲ್ಲಿಸಿದರು. ಕೆಲವರು ಸತ್ತರು, ಹಲವರು ಚೇತರಿಸಿಕೊಂಡರು. 1927ರಲ್ಲಿ ಅವರಿಗೆ ನೊಬೆಲ್ ಬಂತು.

ಈ ಕಥೆಯನ್ನು ಸಾಮಾನ್ಯವಾಗಿ ವಿಚಿತ್ರ ಚಿಕಿತ್ಸೆಯೊಂದರ ಉದಾಹರಣೆಯಾಗಿ ಹೇಳುತ್ತಾರೆ. ಆದರೆ ಅದರ ತಿರುಳು ಅದಕ್ಕೂ ಮುಂಚೆ ನಡೆದದ್ದರಲ್ಲಿದೆ. 1906ರಲ್ಲಿ ವಾಸರ್‌ಮನ್ ಸಿಫಿಲಿಸ್‌ಗೆ ರಕ್ತಪರೀಕ್ಷೆ ಕಂಡುಹಿಡಿದಿದ್ದರು. 1913ರಲ್ಲಿ ಹಿಡೆಯೊ ನೊಗುಚಿ ಈ ರೋಗಿಗಳ ಮಿದುಳಿನಲ್ಲಿ ಸಿಫಿಲಿಸ್‌ನ ರೋಗಾಣುವನ್ನೇ ಕಂಡರು. ‘ಹುಚ್ಚು’ ಎಂಬ ಒಂದೇ ದೊಡ್ಡ ಚೀಲದಿಂದ, ಕಾರಣ ಗೊತ್ತಿರುವ ಒಂದು ಗುಂಪು ಹೊರಬಂದಿತ್ತು. ಜ್ವರ ನೆರವಾದದ್ದು ಆ ಗುಂಪಿಗೆ. ಅದೇ ಚಿಕಿತ್ಸೆಯನ್ನು ಬೇರೆ ಮನೋರೋಗಗಳಿಗೆ ಕೊಟ್ಟಾಗ ಅಂಥ ಫಲ ಸಿಗಲಿಲ್ಲ.

1940ರ ದಶಕದಲ್ಲಿ ಪೆನ್ಸಿಲಿನ್ ಬಂದು ಜ್ವರಚಿಕಿತ್ಸೆಯನ್ನು ಮೂಲೆಗೆ ಸರಿಸಿತು. ಭಾರತಕ್ಕೆ ಅದು ಮೊದಲು ಹೊರಗಿನಿಂದಲೇ ಬರಬೇಕಿತ್ತು. 1954ರಲ್ಲಿ ಪುಣೆಯ ಪಕ್ಕದ ಪಿಂಪ್ರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ ಕೇಂದ್ರ ಸರ್ಕಾರ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಂಪನಿಯನ್ನು ಸ್ಥಾಪಿಸಿತು. ಮರುವರ್ಷ ಅಲ್ಲಿ ಪೆನ್ಸಿಲಿನ್ ತಯಾರಿ ಶುರುವಾಯಿತು. ಮನೋರೋಗದ ಆಸ್ಪತ್ರೆಗಳನ್ನು ತುಂಬುತ್ತಿದ್ದ ಕಾಯಿಲೆಯೊಂದಕ್ಕೆ ಮದ್ದು ಈಗ ಮುಂಬೈ ರಸ್ತೆಯ ಬದಿಯ ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿತ್ತು. ಆ ಮದ್ದು ಕೆಲಸ ಮಾಡಿದ್ದು ಯಾರಿಗೆ ಕೊಡಬೇಕೆಂದು ಮೊದಲೇ ಗೊತ್ತಿದ್ದುದರಿಂದ.

ಅದೇ ಹೊತ್ತಿಗೆ ಖಿನ್ನತೆಯ ವಿಚಾರ ಬೇರೆ ದಾರಿ ಹಿಡಿಯಿತು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ 1952ರಲ್ಲಿ ಕ್ಷಯಕ್ಕೆ ಕೊಟ್ಟ ಇಪ್ರೋನಿಯಾಜಿಡ್ ರೋಗಿಗಳಲ್ಲಿ ಅನಿರೀಕ್ಷಿತ ಲವಲವಿಕೆ ತಂದಿತು. ಇತ್ತ ಮುಂಬೈಯ ಹೃದ್ರೋಗ ತಜ್ಞ ರುಸ್ತೋಮ್ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧಿ ಬೇರು ರಕ್ತದೊತ್ತಡ ತಗ್ಗಿಸುವುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ವರದಿ ಮಾಡಿದ್ದರು. ಆ ಬೇರಿನ ಸಾರವಾದ ರೆಸರ್ಪಿನ್ ತೆಗೆದುಕೊಂಡ ಕೆಲವರು ಖಿನ್ನರಾದರು ಎಂಬ ವರದಿಗಳು ಮುಂದೆ ಬಂದವು. ಒಂದು ಔಷಧ ಮನಸ್ಸನ್ನು ಎತ್ತುತ್ತದೆ, ಇನ್ನೊಂದು ಇಳಿಸುತ್ತದೆ; ಎರಡೂ ಮಿದುಳಿನ ಕೆಲವು ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತವೆ. ಖಿನ್ನತೆಯೆಂದರೆ ಆ ರಾಸಾಯನಿಕಗಳ ಕೊರತೆ ಎಂಬ ಸಿದ್ಧಾಂತ 1960ರ ದಶಕದಲ್ಲಿ ಗಟ್ಟಿಯಾಯಿತು. ಕುತ್ತಿಗೆಯಿಂದ ಕೆಳಗಿನ ದೇಹ ಬಹುಕಾಲ ಲೆಕ್ಕಕ್ಕೆ ಬರಲಿಲ್ಲ.

ಕಾಯಿಲೆ ಬಿದ್ದ ಪ್ರಾಣಿ

1988ರಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ ಎಲ್ಲ ರೈತರಿಗೂ ಗೊತ್ತಿರುವ ಒಂದು ವಿಷಯದ ಬಗ್ಗೆ ಬರೆದರು. ಜ್ವರ ಬಂದ ದನ ಮೇಯುವುದಿಲ್ಲ, ಗುಂಪಿನಿಂದ ದೂರ ಮಲಗುತ್ತದೆ, ಮೈ ನೆಕ್ಕಿಕೊಳ್ಳುವುದನ್ನೂ ಬಿಡುತ್ತದೆ. ಇದು ದೇಹ ಸೋತದ್ದರ ಗುರುತಲ್ಲ, ಸೋಂಕಿನೊಂದಿಗೆ ಹೋರಾಡಲು ಶಕ್ತಿ ಉಳಿಸುವ ವ್ಯವಸ್ಥೆ ಎಂಬುದು ಅವರ ವಾದ. ರೋಗನಿರೋಧಕ ಕೋಶಗಳು ಹೊರಬಿಡುವ ಸೈಟೊಕೈನ್ ಎಂಬ ಸಂದೇಶವಾಹಕಗಳು ಮಿದುಳಿಗೆ “ಸದ್ಯ ಸುಮ್ಮನಿರು” ಎಂದು ತಿಳಿಸುತ್ತವೆ.

ಹಸಿವಿಲ್ಲ, ನಿದ್ದೆ ಏರುಪೇರು, ಯಾವುದರಲ್ಲೂ ಆಸಕ್ತಿಯಿಲ್ಲ, ಜನರ ಸಂಗ ಬೇಡ. ಪಟ್ಟಿಯನ್ನು ಓದಿದವರಿಗೆ ಖಿನ್ನತೆ ನೆನಪಾಗುವುದು ಸಹಜ. 1991ರಲ್ಲಿ ರೊನಾಲ್ಡ್ ಸ್ಮಿತ್ ಖಿನ್ನತೆಯ ಹಿಂದೆ ರೋಗನಿರೋಧಕ ಕೋಶಗಳ ಅತಿಚಟುವಟಿಕೆ ಇರಬಹುದೆಂಬ ಊಹೆಯನ್ನು ಪ್ರಕಟಿಸಿದರು. ಊಹೆಗೆ ಬಲ ಬಂದದ್ದು ಕ್ಯಾನ್ಸರ್ ವಾರ್ಡಿನಿಂದ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಕೂಡ ಒಂದು ಸೈಟೊಕೈನ್. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ 40 ರೋಗಿಗಳಿದ್ದರು. ಇಂಟರ್‌ಫೆರಾನ್ ಜತೆ ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ 45 ಮಂದಿ ಖಿನ್ನತೆಗೆ ಜಾರಿದರು. ಮೊದಲೇ ಪಾರೋಕ್ಸೆಟಿನ್ ಎಂಬ ಖಿನ್ನತೆಯ ಔಷಧ ಶುರುಮಾಡಿದವರಲ್ಲಿ ಜಾರಿದವರು ನೂರಕ್ಕೆ 11. ಹೊರಗಿನಿಂದ ತುಂಬಿದ ಉರಿಯೂತ ಮನಸ್ಸನ್ನು ಕೆಡವಬಲ್ಲದು ಎಂಬುದರಲ್ಲಿ ಆಮೇಲೆ ಹೆಚ್ಚು ಅನುಮಾನ ಉಳಿಯಲಿಲ್ಲ.

ಅಜ್ಜಿಯ ಉದಾಸೀನ ಮತ್ತು ಮೊಮ್ಮಗಳ ಉದಾಸ್ ಇಲ್ಲಿ ಒಂದೇ ಬೇರಿಗೆ ಮರಳುತ್ತವೆ: ದೂರ ಸರಿದು ಸುಮ್ಮನೆ ಕೂರುವುದು. ಹೊರಗಿನಿಂದ ಮೈಗಳ್ಳತನದಂತೆ ಕಾಣುವುದು ಕೆಲವೊಮ್ಮೆ ದೇಹವೇ ಕೊಟ್ಟ ಆಜ್ಞೆಯಾಗಿರಬಹುದು.

ಭಿಗವಣದ ಮಂಡಿನೋವು

ಉರಿಯೂತವನ್ನು ತಗ್ಗಿಸುವ ಔಷಧಗಳ ಮೊದಲ ಮನೆ ಕೀಲುರೋಗ. ಅಲ್ಲಿ ಪುಣೆಗೆ ಸ್ವಂತ ಚರಿತ್ರೆಯಿದೆ. ಪುಣೆಯಿಂದ ಸೊಲ್ಲಾಪುರದ ಕಡೆ ಸುಮಾರು ನೂರು ಕಿಲೋಮೀಟರ್ ಹೋದರೆ, ಉಜನಿ ಜಲಾಶಯದ ಹಿನ್ನೀರಿನ ಬಳಿ ಭಿಗವಣ ಎಂಬ ಊರು ಸಿಗುತ್ತದೆ. ಈಗ ಅಲ್ಲಿಗೆ ಜನ ರಾಜಹಂಸಗಳನ್ನು ನೋಡಲು ಹೋಗುತ್ತಾರೆ. 1996ರಲ್ಲಿ ಪುಣೆಯ ಕೀಲುರೋಗ ತಜ್ಞ ಅರವಿಂದ ಚೋಪ್ರಾ ಅವರ ತಂಡ ಅಲ್ಲಿ ಮನೆಮನೆಗೆ ಹೋಗಿ ಮೈಕೈ ನೋವಿನ ಲೆಕ್ಕ ತೆಗೆಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಕೀಲು, ಸ್ನಾಯು, ಬೆನ್ನಿನ ಯಾವುದಾದರೊಂದು ನೋವಿತ್ತು. ದೊಡ್ಡಾಸ್ಪತ್ರೆಗೆ ಬಂದವರನ್ನು ಎಣಿಸುವ ಬದಲು, ಊರಲ್ಲೇ ಉಳಿದು ನೋವು ತಿಂದವರನ್ನು ಎಣಿಸಿದ ಕೆಲಸ ಅದು.

ಆ ಕಾಲಕ್ಕೆ ಸರಿಯಾಗಿ ಸೆಲೆಕಾಕ್ಸಿಬ್ ಮಾರುಕಟ್ಟೆಗೆ ಬಂತು. ಆಸ್ಪಿರಿನ್, ಐಬುಪ್ರೊಫೆನ್‌ಗಳಿಗಿಂತ ಹೊಟ್ಟೆಗೆ ಮೃದು ಎಂಬ ಹೆಸರು ಅದಕ್ಕೆ. ಅದರ ಸೋದರ ಔಷಧ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯದಿಂದ 2004ರಲ್ಲಿ ಜಗತ್ತಿನಾದ್ಯಂತ ಹಿಂದೆ ಸರಿಯಿತು. 2006ರಲ್ಲಿ ಜರ್ಮನಿಯ ನಾರ್ಬರ್ಟ್ ಮ್ಯುಲರ್ ತಂಡ 40 ಖಿನ್ನತೆಯ ರೋಗಿಗಳಿಗೆ ಅವರ ಔಷಧದ ಜತೆ ಸೆಲೆಕಾಕ್ಸಿಬ್ ಅಥವಾ ಪ್ಲಸೀಬೊ ಕೊಟ್ಟಿತು. ಸೆಲೆಕಾಕ್ಸಿಬ್ ಪಡೆದವರು ಹೆಚ್ಚು ಸುಧಾರಿಸಿದರು. ಮಂಡಿಯ ಗುಳಿಗೆ ಮನಸ್ಸಿನ ಚಿಕಿತ್ಸೆಗೆ ಕಾಲಿಟ್ಟದ್ದು ಹೀಗೆ.

ಪುಣೆಯಲ್ಲಿ ಅದೇ ಸೆಲೆಕಾಕ್ಸಿಬ್ ಬೇರೊಂದು ಪಂದ್ಯದಲ್ಲಿತ್ತು. ಚೋಪ್ರಾ ಅವರ ಕೇಂದ್ರ ಮುನ್ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಂಡಿಯ ಸವೆತವಿದ್ದ 440 ಮಂದಿಗೆ ಆಯುರ್ವೇದದ ಎರಡು ಮಿಶ್ರಣಗಳು, ಗ್ಲೂಕೊಸಮೈನ್ ಮತ್ತು ಸೆಲೆಕಾಕ್ಸಿಬ್‌ಗಳನ್ನು 24 ವಾರ ಕೊಟ್ಟು ಹೋಲಿಸಲಾಯಿತು. ಶುಂಠಿ, ಅಮೃತಬಳ್ಳಿ ಮೊದಲಾದವುಗಳಿದ್ದ ಮಿಶ್ರಣ ನೋವು ತಗ್ಗಿಸುವುದರಲ್ಲಿ ಸೆಲೆಕಾಕ್ಸಿಬ್‌ಗೆ ಸರಿಸಮ ನಿಂತಿತು. ಜತೆಗೆ ಇನ್ನೊಂದೂ ಗೊತ್ತಾಯಿತು. ಆಯುರ್ವೇದ ಗುಂಪಿನ ಕೆಲವರಲ್ಲಿ ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ ಏರಿತ್ತು, ಔಷಧ ನಿಲ್ಲಿಸಿದ ಮೇಲೆ ಇಳಿಯಿತು. ಗಿಡಮೂಲಿಕೆಯೆಂದರೆ ಅಡ್ಡಪರಿಣಾಮವಿಲ್ಲ ಎಂಬ ಮಾತು ಅಳೆದು ನೋಡಿದಾಗ ನಿಲ್ಲಲಿಲ್ಲ. ಅಳೆದು ನೋಡಿದ್ದರಿಂದಲೇ ಅದರ ಒಳ್ಳೆಯ ಗುಣವೂ ಸಾಬೀತಾಯಿತು.

ಅರಿಸಿನದ ಲೆಕ್ಕ

ಉರಿಯೂತ ಮತ್ತು ಗಿಡಮೂಲಿಕೆ ಎಂದ ಕೂಡಲೇ ಅರಿಸಿನ ಬರದೆ ಇರುವುದಿಲ್ಲ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರಘುನಾಥ ಮಾಶೇಲ್ಕರ್ ಅದೇ ವರ್ಷ ಸಿಎಸ್‌ಐಆರ್‌ನ ಮುಖ್ಯಸ್ಥರಾದರು. ಅವರ ನೇತೃತ್ವದಲ್ಲಿ ಸಂಸ್ಥೆ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟು ಪೇಟೆಂಟನ್ನು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಅರಿಸಿನದ ಅಭಿಮಾನ ಅಲ್ಲಿಂದ ಇನ್ನಷ್ಟು ಏರಿತು.

ಆದರೆ ‘ಇದು ನಮ್ಮ ಅಜ್ಜಿಗೆ ಮೊದಲೇ ಗೊತ್ತಿತ್ತು’ ಎಂದು ಸಾಬೀತುಪಡಿಸುವುದು ಬೇರೆ, ‘ಇದು ಈ ಕಾಯಿಲೆಯನ್ನು ಗುಣಪಡಿಸುತ್ತದೆ’ ಎಂದು ಸಾಬೀತುಪಡಿಸುವುದು ಬೇರೆ. ಪೇಟೆಂಟ್ ಕಚೇರಿಯಲ್ಲಿ ಗೆದ್ದದ್ದು ಮೊದಲನೆಯದು. ಎರಡನೆಯದಕ್ಕೆ ಆಸ್ಪತ್ರೆಯ ಪ್ರಯೋಗ ಬೇಕು. ಗುಜರಾತಿನ ಭಾವನಗರದಲ್ಲಿ ಅಂಥದೊಂದು ನಡೆಯಿತು. ಖಿನ್ನತೆಯ 60 ರೋಗಿಗಳಲ್ಲಿ ಒಂದು ಗುಂಪಿಗೆ 20 ಮಿಲಿಗ್ರಾಂ ಫ್ಲುಯೊಕ್ಸೆಟಿನ್, ಇನ್ನೊಂದಕ್ಕೆ ಅರಿಸಿನದ ಸತ್ವವಾದ ಕರ್ಕ್ಯುಮಿನ್ 1000 ಮಿಲಿಗ್ರಾಂ, ಮೂರನೆಯದಕ್ಕೆ ಎರಡೂ. ಆರು ವಾರಗಳ ನಂತರ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಸುದ್ದಿಮನೆಗಳಿಗೆ ಅಷ್ಟು ಸಾಕಿತ್ತು. ಗುಂಪುಗಳು ಚಿಕ್ಕವು, ಪ್ಲಸೀಬೊ ಪಡೆದ ಗುಂಪು ಇರಲಿಲ್ಲ ಎಂಬುದು ಶೀರ್ಷಿಕೆಗೆ ಏರುವ ವಿಷಯವಲ್ಲ.

ಅಡುಗೆಮನೆಯ ಲೆಕ್ಕವನ್ನೂ ಹಾಕಬೇಕು. ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. 1000 ಮಿಲಿಗ್ರಾಂ ಬೇಕೆಂದರೆ ದಿನಕ್ಕೆ 30 ಗ್ರಾಂಗೂ ಹೆಚ್ಚು ಪುಡಿ, ಅಂದರೆ ಸುಮಾರು ಹತ್ತು ಚಮಚ. ತಿಂದದ್ದರಲ್ಲಿ ರಕ್ತಕ್ಕೆ ಸೇರುವುದೂ ಅತ್ಯಲ್ಪ. ರಾತ್ರಿ ಕುಡಿಯುವ ಅರಿಸಿನದ ಹಾಲು ಹಿತವಾದ ಹಾಲು, ಖಿನ್ನತೆಯ ಔಷಧವಲ್ಲ.

ಪ್ರಯೋಗಗಳು ಹೇಳಿದ್ದು

2014ರಲ್ಲಿ ಅಂದಿನವರೆಗಿನ 14 ಪ್ರಯೋಗಗಳನ್ನು, ಅಂದರೆ 6262 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಉರಿಯೂತ ತಗ್ಗಿಸುವ ಔಷಧಗಳಿಂದ, ಮುಖ್ಯವಾಗಿ ಸೆಲೆಕಾಕ್ಸಿಬ್‌ನಿಂದ, ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ ಎಂದಿತು. ಹಲವು ಪ್ರಯೋಗಗಳ ಗುಣಮಟ್ಟ ಸಾಲದು ಎಂದೂ ಸೇರಿಸಿತು. ಆಮೇಲೆ ದೊಡ್ಡ ಪ್ರಯೋಗಗಳ ಫಲಿತಾಂಶಗಳು ಬಂದಂತೆ ಉತ್ಸಾಹ ಇಳಿಯಿತು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ವೃದ್ಧರಿಗೆ ವರ್ಷಗಟ್ಟಲೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಅಥವಾ ಪ್ಲಸೀಬೊ ಕೊಟ್ಟು ನೋಡಿದ ಅಧ್ಯಯನದಲ್ಲಿ ಆಸ್ಪಿರಿನ್ ಖಿನ್ನತೆಯನ್ನು ತಡೆಯಲಿಲ್ಲ. ರಕ್ತಸ್ರಾವ ಮಾತ್ರ ಹೆಚ್ಚಾಯಿತು. ನೆರೆಯ ಪಾಕಿಸ್ತಾನದಲ್ಲಿ ಬೈಪೋಲಾರ್ ಖಿನ್ನತೆಯ 266 ರೋಗಿಗಳಿಗೆ ಮಿನೊಸೈಕ್ಲಿನ್, ಸೆಲೆಕಾಕ್ಸಿಬ್ ಕೊಟ್ಟ 2020ರ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕಲಿಸಿದ್ದು 2013ರಲ್ಲಿ ಅಟ್ಲಾಂಟಾದಿಂದ ಬಂದ ಒಂದು ಚಿಕ್ಕ ಪ್ರಯೋಗ. ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯ 60 ಮಂದಿಗೆ, ಕೀಲುರೋಗದಲ್ಲಿ ಬಳಸುವ ಇನ್‌ಫ್ಲಿಕ್ಸಿಮಾಬ್ ಎಂಬ ಪ್ರಬಲ ಔಷಧವನ್ನು ಅಥವಾ ಪ್ಲಸೀಬೊವನ್ನು ರಕ್ತನಾಳದ ಮೂಲಕ ಕೊಡಲಾಯಿತು. ಒಟ್ಟಾರೆ ನೋಡಿದರೆ ವ್ಯತ್ಯಾಸವೇ ಇಲ್ಲ. ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದವರನ್ನು ಬೇರೆಯಾಗಿ ನೋಡಿದಾಗ ಅವರಲ್ಲಿ ಸುಧಾರಣೆ ಕಂಡಿತು. ಕಡಿಮೆಯಿದ್ದವರು ಪ್ಲಸೀಬೊ ಪಡೆದವರಿಗಿಂತ ಹಿಂದೆ ಬಿದ್ದರು. ಒಂದೇ ಔಷಧ ಕೆಲವರಿಗೆ ನೆರವು, ಕೆಲವರಿಗೆ ಅಡ್ಡಿ. ಸರಾಸರಿ ತೆಗೆದರೆ ಸೊನ್ನೆ.

ವಾಗ್ನರ್-ಯೌರೆಗ್ ಕಾಲದ ಪಾಠ ಇದೇ ತಾನೆ? ಖಿನ್ನತೆ ಎಂಬುದೂ ಒಂದು ದೊಡ್ಡ ಚೀಲ. ಅದರೊಳಗೆ ಉರಿಯೂತದವರ ಗುಂಪೊಂದು ಇರಬಹುದು. ಅವರನ್ನು ಗುರುತಿಸದೆ ಎಲ್ಲರಿಗೂ ಕೊಟ್ಟ ಮದ್ದು ಸೋಲುತ್ತದೆ.

ಯಾರ ರಕ್ತ, ಯಾವ ಗೆರೆ

ಗುರುತಿಸುವುದು ಹೇಗೆ ಎಂಬಲ್ಲಿ ತೊಡಕು. ಸಿಆರ್‌ಪಿಯನ್ನು 1930ರಲ್ಲೇ ಕಂಡುಹಿಡಿದಿದ್ದರು. ಇಂದು ಬೀದಿ ಕೊನೆಯ ಲ್ಯಾಬಿನಲ್ಲೂ ಪರೀಕ್ಷೆ ಆಗುತ್ತದೆ. ಆದರೆ ಅದು ವಾಸರ್‌ಮನ್ ಪರೀಕ್ಷೆಯಂತೆ ಒಂದು ಕಾಯಿಲೆಯತ್ತ ಬೊಟ್ಟು ಮಾಡುವುದಿಲ್ಲ. ಹಲ್ಲಿನ ವಸಡು ಊದಿದರೂ ಏರುತ್ತದೆ, ನೆಗಡಿಯಾದರೂ ಏರುತ್ತದೆ, ಹೊಟ್ಟೆಯ ಕೊಬ್ಬು ಹೆಚ್ಚಿದರೂ ಏರುತ್ತದೆ.

ಇಲ್ಲಿ ಪುಣೆಯ ಇನ್ನೊಂದು ಕೆಲಸ ನೆರವಿಗೆ ಬರುತ್ತದೆ. ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್ ತಂಡ ಪುಣೆ ಸುತ್ತಲಿನ ಹಳ್ಳಿ, ನಗರದ ಕೊಳೆಗೇರಿ ಮತ್ತು ಮಧ್ಯಮ ವರ್ಗದ ಬಡಾವಣೆಗಳ 441 ಗಂಡಸರನ್ನು ಅಳೆಯಿತು: ಕೊಬ್ಬು, ಸಕ್ಕರೆ, ಸೈಟೊಕೈನ್, ಸಿಆರ್‌ಪಿ. ಅದು ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯವನ್ನು ಅರಿಯಲು ಮಾಡಿದ ಅಧ್ಯಯನ. ಅದರಿಂದ ಸಿಕ್ಕ ಒಂದು ಸಂಗತಿ ಖಿನ್ನತೆಯ ಚರ್ಚೆಗೂ ಬೇಕಾದದ್ದು. ತೆಳ್ಳಗೆ ಕಾಣುವ ಭಾರತೀಯ ದೇಹದೊಳಗೆ ಕೊಬ್ಬು ಅಡಗಿರುತ್ತದೆ ಎಂದು ಯಾಜ್ಞಿಕ್ ಹಿಂದಿನಿಂದಲೂ ತೋರಿಸಿದ್ದರು. ಅಂಥ ಮೈಯಲ್ಲಿ, ಸೋಂಕುಗಳೂ ಹೆಚ್ಚಿರುವ ಊರಲ್ಲಿ, ಅಟ್ಲಾಂಟಾದಲ್ಲಿ ಎಳೆದ 5 ಮಿಲಿಗ್ರಾಂ ಗೆರೆಯನ್ನು ಹಾಗೇ ತಂದು ಇಡಲಾಗದು. ಅದೇ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಬಿ12 ವಿಟಮಿನ್ ಕಡಿಮೆಯಿತ್ತು. ಮಧ್ಯಮ ವರ್ಗದವರಲ್ಲಿ ಅದು ನೂರಕ್ಕೆ 81. ಬಿ12 ಕೊರತೆಯೂ ಸುಸ್ತು ಮತ್ತು ಮಂಕನ್ನು ತರಬಲ್ಲದು. ಅದನ್ನು ನೋಡದೆ ಉರಿಯೂತವನ್ನು ಹುಡುಕಿ ಹೊರಟರೆ ಅಗ್ಗದ ಉತ್ತರ ಕೈತಪ್ಪುತ್ತದೆ.

ಇನ್‌ಫ್ಲಿಕ್ಸಿಮಾಬ್‌ನಂಥ ಔಷಧಗಳು ಮೈಯಲ್ಲಿ ಸುಪ್ತವಾಗಿ ಮಲಗಿದ ಕ್ಷಯವನ್ನು ಎಬ್ಬಿಸಬಲ್ಲವು ಎಂಬುದೂ 2001ರಿಂದ ಗೊತ್ತಿರುವ ವಿಷಯ. ಸುಪ್ತ ಕ್ಷಯ ಭಾರತದಲ್ಲಿ ಕೋಟ್ಯಂತರ ಜನರಲ್ಲಿದೆ. ಸಾಮಾನ್ಯ ನೋವಿನ ಗುಳಿಗೆಗಳೂ ನಿರಪಾಯವಲ್ಲ: ಫ್ಲುಯೊಕ್ಸೆಟಿನ್ ಬಗೆಯ ಔಷಧದ ಜತೆ ಆಸ್ಪಿರಿನ್, ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದೆಲ್ಲ ಮನೆಯಲ್ಲೇ ಪ್ರಯೋಗಿಸುವಂಥದ್ದಲ್ಲ.

ಇನ್ನೂ ಒಂದು ಎಚ್ಚರಿಕೆ ಪುಣೆಯಿಂದಲೇ ಬಂದಿದೆ. ಭಾರ್ಗವಿ ದಾವರ್ 1999ರಲ್ಲಿ ಅಲ್ಲಿ ಸ್ಥಾಪಿಸಿದ ಬಾಪು ಟ್ರಸ್ಟ್, ಮನಸ್ಸಿನ ನೋವನ್ನು ಬರೀ ಮಿದುಳಿನ ಅಥವಾ ರಕ್ತದ ಲೆಕ್ಕಕ್ಕೆ ಇಳಿಸಬೇಡಿ, ಬಡತನ, ಹಿಂಸೆ, ಹೆಣ್ಣಿನ ಸ್ಥಿತಿಗಳನ್ನೂ ನೋಡಿ ಎಂದು ವಾದಿಸುತ್ತ ಬಂದಿದೆ. ಉರಿಯೂತದ ವಿಜ್ಞಾನ ಈ ಮಾತಿಗೆ ಎದುರಾಳಿಯಾಗಬೇಕಿಲ್ಲ. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಹಿಂಸೆ, ಅನಾದರ ಕಂಡವರ ಸಿಆರ್‌ಪಿ 32ನೆಯ ವಯಸ್ಸಿನಲ್ಲೂ ಹೆಚ್ಚಿತ್ತು. ಮನೆಯಲ್ಲಿ ನಡೆದದ್ದು ರಕ್ತದಲ್ಲಿ ಉಳಿದಿತ್ತು. ಹಾಗಿರುವಾಗ ‘ದೇಹದ ಕಾಯಿಲೆಯೋ, ಬದುಕಿನ ಸಂಕಟವೋ’ ಎಂದು ಕೇಳುವುದರಲ್ಲಿ ಹೆಚ್ಚು ಅರ್ಥ ಉಳಿಯುವುದಿಲ್ಲ.

ಸದ್ಯದ ಸ್ಥಿತಿ ಇಷ್ಟು. ಉರಿಯೂತ ತಗ್ಗಿಸುವ ಔಷಧ ಖಿನ್ನತೆಯ ಮಾಮೂಲಿ ಚಿಕಿತ್ಸೆಯಾಗಿಲ್ಲ. ಕೆಲವರಿಗೆ ಅದು ಒದಗೀತು ಎಂಬ ಆಸೆ ಸತ್ತಿಲ್ಲ. ಯಾರಿಗೆ ಎಂದು ಹೇಳುವ ನಂಬಲರ್ಹ ಪರೀಕ್ಷೆ ಬಂದಿಲ್ಲ. ಈಗಾಗಲೇ ಇರುವ ಚಿಕಿತ್ಸೆ ಮಾತ್ರ ಹೆಚ್ಚಿನವರನ್ನು ಮುಟ್ಟುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು.

ಆ ಕರೆ ಮಾಡುವ ಮೊದಲು ಮನೆಯೊಳಗೆ ಒಂದು ಅನುವಾದ ಆಗಬೇಕು. ಮೊಮ್ಮಗಳು “ಉದಾಸ್” ಎಂದಾಗ ಅಜ್ಜಿ ಉದಾಸೀನ ಎಂದು ಕೇಳಿಸಿಕೊಳ್ಳದೆ, “ಎಷ್ಟು ದಿನದಿಂದ ಮಗಾ? ಊಟ ಸೇರ್ತಾ ಇದೆಯಾ, ನಿದ್ದೆ ಬರ್ತಾ ಇದೆಯಾ?” ಎಂದು ಕೇಳಬೇಕು. ಡಾಕ್ಟರೂ ಮೊದಲು ಕೇಳುವುದು ಅದನ್ನೇ.